ರೈಲೇ ಇಲ್ಲದ ಕೊಡಗಿನಿಂದ ರೈಲ್ವೆ ಡ್ಯೂಟಿಗೆ | ಪಾಯಿಂಟ್ಸ್‌ಮನ್ ಕೆಲಸ ಅಂದರೆ ಏನು?

ನಮಸ್ಕಾರ ಎಲ್ಲರಿಗೂ. ವಾಯ್ಸ್‌ ಓವರ್ ಆಮೇಲೆ ಕೊಡುತ್ತಿದ್ದೇನೆ. ಶೂಟ್ ಮಾಡುವಾಗ ಹಂಚಿನ ಮೇಲೆ ಬೀಳುವ ಮಳೆ ಶಬ್ದ ಬಿಟ್ಟರೆ ಬೇರೇನೂ ರೆಕಾರ್ಡ್ ಆಗಿರಲಿಲ್ಲ. ಇದು ನಮ್ಮ ಮನೆ, ಶನಿವಾರಸಂತೆ ಹತ್ತಿರ. ರಜೆ ಮುಗಿಯಿತು, ಇವತ್ತು ವಾಪಸ್ ಹೊರಟಿದ್ದೇನೆ. ಅಮ್ಮ ಡಬ್ಬಿಗೆ ಕಣಿಲೆ ಪಲ್ಯ ತುಂಬುತ್ತಿದ್ದಾರೆ ನೋಡಿ, ಜೊತೆಗೆ ಅಕ್ಕಿ ರೊಟ್ಟಿ. ಎಲ್ಲ ನನಗೊಬ್ಬನಿಗೇ ಅಲ್ಲ, ಸ್ಟೇಷನ್‌ನಲ್ಲಿ ಕಾಯುವವರು ಇದ್ದಾರೆ. ಕಣಿಲೆ ಅಂದರೆ ಎಳೆ ಬಿದಿರು. ಹೆಚ್ಚಿ, ದಿನಾ ನೀರು ಬದಲಾಯಿಸಿ ನೆನೆಸಬೇಕು, ಇಲ್ಲದಿದ್ದರೆ ಕಹಿ. ಅದರ ವಿಡಿಯೋ ಬೇರೆ ಮಾಡುತ್ತೇನೆ, ಅಮ್ಮ ಒಪ್ಪಿದ್ದಾರೆ.

ಇದು ಪಕ್ಕದ ಮನೆಯ ಚಿಕ್ಕಪ್ಪ. ಏನು ಕೇಳುತ್ತಿದ್ದಾರೆ ಗೊತ್ತಾ? "ಮಗಾ, ಬೆಂಗಳೂರಿಗೆ ಒಂದು ಟಿಕೆಟ್ ಕನ್ಫರ್ಮ್ ಮಾಡಿಸಿ ಕೊಡು." ಪ್ರತಿ ಸಲ ಇದೇ. ಚಿಕ್ಕಪ್ಪ, ನಾನು ಟಿಕೆಟ್ ಕೌಂಟರಿನವನಲ್ಲ, ಟಿಟಿಇ ಕೂಡ ಅಲ್ಲ. ನಾನು ಪಾಯಿಂಟ್ಸ್‌ಮನ್. ಅವರಿಗೆ ಗೊತ್ತಿಲ್ಲದಿರುವುದರಲ್ಲಿ ತಪ್ಪೇನಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಅಡಿ ರೈಲು ಹಳಿ ಇಲ್ಲ. ಹಳಿಯನ್ನೇ ನೋಡದ ಊರಲ್ಲಿ ಹಳಿ ಬದಲಿಸುವವನ ಕೆಲಸ ಯಾರಿಗೆ ಗೊತ್ತಿರುತ್ತದೆ ಹೇಳಿ? ಅದಕ್ಕೇ ಈ ವಿಡಿಯೋ.

ಸರಿ, ಬಸ್ ಬಂತು. ಕೊಡ್ಲಿಪೇಟೆ ಮೇಲೆ ಸಕಲೇಶಪುರ. ಕಿಟಕಿ ಸೀಟು ಸಿಕ್ಕಿದೆ, ಆದರೆ ಶಟರ್‌ನಿಂದ ನೀರು ಸೋರುತ್ತಿದೆ. ಮಡಿಲಲ್ಲಿ ಡಬ್ಬಿ.

ರೈಲಿಗೆ ಸ್ಟಿಯರಿಂಗ್ ಇಲ್ಲ. ಮೊದಲು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಲೈನ್ ಎರಡಾಗುವ ಜಾಗದಲ್ಲಿ ರೈಲು ಎಡಕ್ಕೋ ಬಲಕ್ಕೋ ಅನ್ನುವುದು ಲೋಕೋ ಪೈಲಟ್, ಅಂದರೆ ರೈಲು ಓಡಿಸುವವರ ಕೈಯಲ್ಲಿ ಇರುವುದಿಲ್ಲ, ಅದು ನೆಲದ ಮೇಲಿನ ಪಾಯಿಂಟ್ ಕೈಯಲ್ಲಿರುತ್ತದೆ. ಅಲ್ಲಿ ತುದಿ ಚೂಪಾಗಿ ಕೆತ್ತಿದ ಎರಡು ಹಳಿಗಳಿರುತ್ತವೆ, ಟಂಗ್ ರೈಲ್ ಅಂತಾರೆ. ಅವು ಸರಿದು, ಒಂದು ಪಕ್ಕದ ಸ್ಟಾಕ್ ರೈಲಿಗೆ, ಅಂದರೆ ಅಲುಗದ ಹಳಿಗೆ, ಅಂಟಿಕೊಳ್ಳಬೇಕು. ಒಂದು ಕಡೆ ಅಂಟಿದರೆ ಮೇನ್ ಲೈನ್, ಇನ್ನೊಂದು ಕಡೆ ಅಂಟಿದರೆ ಲೂಪ್ ಲೈನ್, ಅಂದರೆ ಸ್ಟೇಷನ್‌ನಲ್ಲಿ ಪಕ್ಕಕ್ಕೆ ಹೋಗುವ ಲೈನ್. ಈಗ ಹೆಚ್ಚಿನ ಕಡೆ ಮೋಟಾರ್ ಇದೆ, ಸ್ಟೇಷನ್ ಮಾಸ್ಟರ್ ಪ್ಯಾನೆಲ್‌ನಲ್ಲಿ ಬಟನ್ ಒತ್ತಿದರೆ ಪಾಯಿಂಟ್ ತಿರುಗುತ್ತದೆ. ಹಾಗಾದರೆ ನಿಮ್ಮ ಕೆಲಸ ಏನು ಅಂತ ಕೇಳುತ್ತೀರಿ, ಅಲ್ವಾ?

ರೈಲು ಬರುವಾಗ ಹೋಗುವಾಗ ಬಾವುಟ ಹಿಡಿದು ನಿಲ್ಲುವುದನ್ನು ನೀವು ನೋಡಿರುತ್ತೀರಿ. ಆಗ ನಮ್ಮ ಕಣ್ಣು ಚಕ್ರದ ಮೇಲಿರುತ್ತದೆ. ಬ್ರೇಕ್ ಕಚ್ಚಿಕೊಂಡು ಹೊಗೆ ಬರುತ್ತಿದೆಯಾ, ಏನಾದರೂ ನೇತಾಡುತ್ತಿದೆಯಾ, ಗೂಡ್ಸ್ ವ್ಯಾಗನ್ ಬಾಗಿಲು ತೆರೆದಿದೆಯಾ, ಎಲ್ಲ ನೋಡಬೇಕು. ಕೊನೆಯಲ್ಲಿ ಎಲ್‌ವಿ ಬೋರ್ಡ್, ಅಂದರೆ ಇದೇ ಕೊನೆಯ ಬೋಗಿ ಅನ್ನುವ ಫಲಕ, ರಾತ್ರಿಯಾದರೆ ಮಿನುಗುವ ಕೆಂಪು ದೀಪ. ಅದು ಕಾಣಿಸದಿದ್ದರೆ ರೈಲು ಪೂರ್ತಿ ಬಂದಿದೆ ಅಂತ ಹೇಳುವ ಹಾಗಿಲ್ಲ. ಕಪ್ಲಿಂಗ್ ಬಿಟ್ಟು ಅರ್ಧ ರೈಲು ಹಿಂದೆಯೇ ಉಳಿದಿರಬಹುದು. ಹಿಂದಿನ ಸ್ಟೇಷನ್‌ನಿಂದ ಇನ್ನೊಂದು ರೈಲು ಬಿಡಬೇಕಾದರೆ ನಾವು ಕೊನೆಯ ಬೋಗಿ ನೋಡಿ "ಬಂತು ಸರ್" ಅಂತ ಹೇಳಿರಬೇಕು. ಶಂಟಿಂಗ್, ಅಂದರೆ ಬೋಗಿ, ಇಂಜಿನ್ ಜೋಡಿಸಿ ಬಿಡಿಸುವ ಕೆಲಸ ಇದ್ದರೆ ಎರಡು ಬೋಗಿಗಳ ನಡುವೆ ನುಗ್ಗಿ ಕಪ್ಲಿಂಗ್ ಹಾಕುವುದು, ಏರ್ ಪೈಪ್ ಜೋಡಿಸುವುದು. ಗೂಡ್ಸ್ ರೈಲನ್ನು ನಿಲ್ಲಿಸಿ ಇಂಜಿನ್ ಬಿಡಿಸಿದರೆ ಹ್ಯಾಂಡ್ ಬ್ರೇಕ್ ತಿರುಗಿಸುವುದು, ಚಕ್ರ ಉರುಳದ ಹಾಗೆ ಕೆಳಗೆ ಸ್ಕಿಡ್ ಇಡುವುದು, ಚೈನ್ ಹಾಕಿ ಬೀಗ ಹಾಕುವುದು.

ಈ ಚೈನು ಬೀಗ ನಮ್ಮ ಕಡೆ ಸುಮ್ನೆ ಅಲ್ಲ. ನಾನಿರುವುದು ಘಾಟ್ ಕಡೆಯ ಒಂದು ಸ್ಟೇಷನ್, ಹೆಸರು ಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಕೆಳಗೆ. ಕಾರಿನವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಕಬ್ಬಿಣದ ಚಕ್ರ, ಕಬ್ಬಿಣದ ಹಳಿ, ಮೇಲೆ ಮಳೆ, ಸಾವಿರಾರು ಟನ್ ಭಾರ. ಬ್ರೇಕ್ ಬಿಟ್ಟರೆ ಯಾರೂ ಹಿಡಿಯಲು ಆಗುವುದಿಲ್ಲ. ಅದಕ್ಕೇ ಕ್ಯಾಚ್ ಸೈಡಿಂಗ್ ಅಂತ ಒಂದು ಪಕ್ಕದ ಲೈನ್ ಇರುತ್ತದೆ. ಅದರ ಪಾಯಿಂಟ್ ಯಾವಾಗಲೂ ಸೈಡಿಂಗ್ ಕಡೆಗೇ ಇರುತ್ತದೆ. ಮೇಲಿಂದ ಬಂದ ರೈಲು ನಿಂತಿತು ಅಂತ ಖಚಿತವಾದ ಮೇಲೇ ಮೇನ್ ಲೈನಿಗೆ ತಿರುಗಿಸುವುದು. ನಿಲ್ಲದೆ ಓಡಿ ಬಂದರೆ ಅದು ಏರು ಇರುವ ಸೈಡಿಂಗ್ ಹತ್ತಿ ನಿಲ್ಲಬೇಕು, ಸ್ಟೇಷನ್ ಒಳಗೆ ನುಗ್ಗಬಾರದು. ಇದನ್ನು ಯೋಚನೆ ಮಾಡಿದವರಿಗೆ ದೊಡ್ಡ ನಮಸ್ಕಾರ.

ಇದು ಕೊಡ್ಲಿಪೇಟೆ. ಟೀ ಕುಡಿಯಲು ಇಳಿದೆ. ಟೀ ಚೆನ್ನಾಗಿಲ್ಲ. ಕಾಫಿ ಬೆಳೆಯುವ ಊರಲ್ಲಿ ಟೀ ಕೇಳಬಾರದು.

ಹಾಂ, ಪಾಯಿಂಟ್‌ನಲ್ಲಿ ಸಿಕ್ಕಿಕೊಂಡ ಒಂದು ಕಲ್ಲಿನ ವಿಷಯ ಹೇಳಬೇಕು. ಇದಕ್ಕೇ ಮೈಕ್ ಹಿಡಿದಿದ್ದು.

ರಜೆಗೆ ಬರುವ ಮುಂಚೆ ಒಂದು ರಾತ್ರಿ ಡ್ಯೂಟಿ. ಒಂದೂವರೆ ಆಗಿತ್ತು, ಮಳೆ ಬಿಡದೆ ಸುರಿಯುತ್ತಿತ್ತು. ಗೂಡ್ಸ್ ಹೋಮ್ ಸಿಗ್ನಲ್, ಅಂದರೆ ಸ್ಟೇಷನ್ ಒಳಗೆ ಬರಲು ಅನುಮತಿ ಕೊಡುವ ಸಿಗ್ನಲ್ ಹತ್ತಿರ ಬಂದು ನಿಂತಿದೆ. ಅದನ್ನು ಲೂಪ್‌ಗೆ ತೆಗೆದುಕೊಳ್ಳಬೇಕು. ಮಾಸ್ಟರ್ ಬಟನ್ ಒತ್ತಿದರು, ಪಾಯಿಂಟ್ ಇಂಡಿಕೇಶನ್, ಅಂದರೆ ಪಾಯಿಂಟ್ ಸರಿಯಾಗಿ ಕೂತಿದೆ ಅಂತ ಪ್ಯಾನೆಲ್‌ನಲ್ಲಿ ತೋರಿಸುವ ಗುರುತು ಬರಲಿಲ್ಲ. ಇಂಡಿಕೇಶನ್ ಬರದಿದ್ದರೆ ಸಿಗ್ನಲ್ ಹಸಿರೂ ಆಗುವುದಿಲ್ಲ, ಹಳದಿಯೂ ಆಗುವುದಿಲ್ಲ, ಅಲ್ಲಿಗೆ ಎಲ್ಲ ನಿಂತಿತು. ಸಿಗ್ನಲ್ ಮೇಂಟೇನರ್‌ಗೆ ಫೋನ್ ಹೋಯಿತು. "ನೀನು ಹೋಗಿ ನೋಡಪ್ಪ" ಅಂದರು ಮಾಸ್ಟರ್.

ಇಲ್ಲಿ ಒಂದು ಮುಖ್ಯ ಮಾತು. ಹೋಗಿ ತಕ್ಷಣ ಕೈ ಹಾಕುವ ಹಾಗಿಲ್ಲ. ಕೈ ಒಳಗಿರುವಾಗ ಅಲ್ಲಿ ಕೂತವರು ಬಟನ್ ಒತ್ತಿದರೆ ಬೆರಳು ಉಳಿಯುವುದಿಲ್ಲ. ಅದಕ್ಕೆ ಪಾಯಿಂಟನ್ನು ಕೈಯಲ್ಲಿ ತಿರುಗಿಸುವ ಕ್ರ್ಯಾಂಕ್ ಹ್ಯಾಂಡಲ್‌ನ ಕೀ ತೆಗೆಯುತ್ತಾರೆ. ಆ ಕೀ ಹೊರಗೆ ಬಂದರೆ ಪ್ಯಾನೆಲ್‌ನಿಂದ ಪಾಯಿಂಟ್ ಆಡುವುದಿಲ್ಲ. ಬಟನ್ ಮೇಲೆ, ಒತ್ತಬಾರದು ಅನ್ನುವ ನೆನಪಿಗೆ, ಒಂದು ಕಾಲರ್ ಕೂಡ ಹಾಕುತ್ತಾರೆ. ಕೀ ನನ್ನ ಜೇಬಿನಲ್ಲಿದೆ ಅಂದರೆ ನನ್ನ ಬೆರಳು ನನ್ನ ಹತ್ತಿರವೇ ಇದೆ ಅಂತ ಅರ್ಥ.

ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಟಂಗ್ ರೈಲಿನ ತುದಿಯಿಂದ ಸ್ವಲ್ಪ ಹಿಂದೆ ಒಂದು ಜಲ್ಲಿ ಚೂರು. ಹುಣಸೆ ಬೀಜದಷ್ಟು, ಅಷ್ಟೇ. ಎರಡು ಹಳಿ ನಡುವೆ ಅಡ್ಡ ಕೂತಿದೆ. ಮೋಟಾರ್ ಒತ್ತಿ ಒತ್ತಿ ಅದರ ಒಂದು ಮೂಲೆ ಪುಡಿಯಾಗಿ ಬಿಳಿಯಾಗಿತ್ತು. ಕೆಳಗೆ ಟಂಗ್ ರೈಲ್ ಜಾರುವ ಸ್ಲೈಡ್ ಚೇರ್ ಮೇಲೆ ಎಣ್ಣೆ, ಕೆಸರು, ಒಂದು ಹಲಸಿನ ಎಲೆ. ಕಬ್ಬಿಣದ ಕಡ್ಡಿಯಲ್ಲಿ ಎಬ್ಬಿಸಿದೆ, ಬರಲಿಲ್ಲ. ಮಗ್ಗುಲಿಂದ ತಟ್ಟಿದೆ, ಹಾರಿ ಹೋಯಿತು. ಆಮೇಲೆ ಉದ್ದಕ್ಕೂ ಪೊರಕೆಯಲ್ಲಿ ಗುಡಿಸಿ, ಇನ್ನೊಂದು ಕಡೆಯ ಹಳಿಯನ್ನೂ ನೋಡಿ, ವಾಪಸ್ ಬಂದು ಕೀ ಕೊಟ್ಟೆ. ಮಾಸ್ಟರ್ ಬಟನ್ ಒತ್ತಿದರು. ಇಂಡಿಕೇಶನ್ ಬಂತು. ಗೂಡ್ಸ್ ಒಳಗೆ ಬಂತು.

ಹುಣಸೆ ಬೀಜದಷ್ಟು ಕಲ್ಲಿಗೆ ಇಷ್ಟೊಂದು ಗಲಾಟೆಯಾ ಅನ್ನಬೇಡಿ. 5 ಮಿಲಿಮೀಟರ್ ದಪ್ಪದ ತುಂಡು ನಡುವೆ ಇಟ್ಟರೆ ಪಾಯಿಂಟ್ ಲಾಕ್ ಆಗಬಾರದು, ಹಾಗೆ ಪರೀಕ್ಷೆ ಮಾಡಿಯೇ ಇಡುತ್ತಾರೆ. ಯಾಕಂದರೆ ಅಷ್ಟು ಸಂದಿ ಇದ್ದರೆ ಚಕ್ರದ ಅಂಚು ಟಂಗ್ ರೈಲಿನ ತಪ್ಪು ಮಗ್ಗುಲಿಗೆ ನುಗ್ಗಬಹುದು. ಅರ್ಧ ಬೋಗಿ ಒಂದು ಲೈನಿಗೆ, ಅರ್ಧ ಇನ್ನೊಂದಕ್ಕೆ. ಆ ರಾತ್ರಿ ಲಾಕ್ ಆಗದೆ ನಿಂತದ್ದು ಪಾಯಿಂಟ್ ಸರಿಯಾಗಿ ಕೆಲಸ ಮಾಡಿದ್ದರಿಂದಲೇ. ಕಲ್ಲು ಹೋಗದೇ ಇದ್ದಿದ್ದರೆ ಬೇರೆ ದಾರಿ ಇತ್ತು. ಕ್ರ್ಯಾಂಕ್ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ, ಕ್ಲ್ಯಾಂಪ್ ಹಾಕಿ, ಬೀಗ ಹಾಕಿ, ಲೋಕೋ ಪೈಲಟ್‌ಗೆ ಬರಹದ ಅನುಮತಿ ಕೊಟ್ಟು, ಕೈ ಸಿಗ್ನಲ್ ತೋರಿಸಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಒಳಗೆ ಕರೆಯುವುದು. ಆಗುತ್ತದೆ, ಆದರೆ ಅರ್ಧ ರಾತ್ರಿ ಅಲ್ಲೇ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಕಲ್ಲಿನ ಮೇಲಲ್ಲ. ಆ ಕಲ್ಲು ಯಾರದು ಅನ್ನುವ ವಾದದ ಮೇಲೆ. ಪಾಯಿಂಟ್ ಹತ್ತಿರ ಮೂರು ಇಲಾಖೆ ಸೇರುತ್ತವೆ. ಹಳಿ, ಸ್ಲೀಪರ್, ಜಲ್ಲಿ ಎಲ್ಲ ಟ್ರ್ಯಾಕ್‌ನವರದು. ಮೋಟಾರ್, ರಾಡ್ ಸಿಗ್ನಲ್‌ನವರದು. ಆಡಿಸುವುದು ನಮ್ಮದು. ಹಗಲು ಬ್ಲಾಕ್, ಅಂದರೆ ರೈಲು ಬಿಡದೆ ಕೆಲಸಕ್ಕೆ ಕೊಡುವ ಸಮಯ ತೆಗೆದುಕೊಂಡು ಜಲ್ಲಿ ಪ್ಯಾಕಿಂಗ್ ಆಗಿರುತ್ತದೆ, ಸಂಜೆ ಮಳೆ ಬಂದು ಚೂರುಗಳು ಹರಿದು ಬರುತ್ತವೆ, ರಾತ್ರಿ ಪಾಯಿಂಟ್ ಫೇಲ್. ಬೆಳಿಗ್ಗೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮೂವರೂ ಒಟ್ಟಿಗೆ ನಿಂತು ನೋಡುವ ಜಾಯಿಂಟ್ ಇನ್ಸ್‌ಪೆಕ್ಷನ್ ಇದೆ, ಒಳ್ಳೆಯದೇ. ಆದರೆ ಕಲ್ಲು ಆ ದಿನಾಂಕ ನೋಡಿ ಬರುವುದಿಲ್ಲ. ಬ್ಲಾಕ್ ಮುಗಿದ ತಕ್ಷಣ ಟ್ರ್ಯಾಕ್ ಗ್ಯಾಂಗ್‌ನವರೊಬ್ಬರು, ನಮ್ಮವರೊಬ್ಬರು ಒಟ್ಟಿಗೆ ಪೊರಕೆ ಹಿಡಿದು ಗುಡಿಸಿಯೇ ಹೋಗಬೇಕು. ಇಷ್ಟೇ ನನ್ನ ಬೇಡಿಕೆ. ನಮ್ಮ ಗ್ಯಾಂಗ್ ಮೇಟ್ ಅಣ್ಣ ಈಗ ಹಾಗೇ ಮಾಡಿಸುತ್ತಿದ್ದಾರೆ.

ನಾನು ಎರಡೂ ಕಡೆ ದುಡಿದವನು, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ಮೊದಲು ಟ್ರ್ಯಾಕ್‌ನಲ್ಲಿದ್ದೆ, ಆಮೇಲೆ ಕೆಟಗರಿ ಬದಲಾಗಿ ಇಲ್ಲಿಗೆ ಬಂದೆ. ಕಷ್ಟ ಯಾವುದು? ಟ್ರ್ಯಾಕ್, ಅನುಮಾನವೇ ಬೇಡ. ಹಳಿ ನೋಡಿಕೊಳ್ಳುವ ಕೀಮನ್ ದಿನಾ ತನ್ನ ಬೀಟ್, ಅಂದರೆ ತನ್ನ ಪಾಲಿನ ಹಳಿ ಪೂರ್ತಿ ನಡೆಯುತ್ತಾನೆ, ಸಡಿಲವಾದ ಕ್ಲಿಪ್‌ಗೆ ಸುತ್ತಿಗೆ ಹೊಡೆಯುತ್ತಾನೆ. ಮಳೆಗಾಲದಲ್ಲಿ ರಾತ್ರಿ ಪೆಟ್ರೋಲಿಂಗ್ ಇರುತ್ತದೆ. ಟಾರ್ಚ್, ವಿಸಿಲ್, ಪಟಾಕಿ ಅಂತ ನಾವು ಕರೆಯುವ ಡಿಟೋನೇಟರ್, ಕಾಲಿಗೆ ಜಿಗಣೆ. ಹಳಿ ಮೇಲೆ ಗುಡ್ಡ ಬಿದ್ದಿದ್ದರೆ ಕೆಂಪು ದೀಪ ತೋರಿಸುತ್ತಾ ಓಡಬೇಕು. 600 ಮೀಟರ್‌ನಲ್ಲಿ ಒಂದು ಪಟಾಕಿ, 1200 ಮೀಟರ್‌ನಲ್ಲಿ 10 ಮೀಟರ್ ಅಂತರಕ್ಕೆ ಮೂರು. ಚಕ್ರ ಹತ್ತಿದರೆ ಢಂ ಅನ್ನುತ್ತದೆ, ಲೋಕೋ ಪೈಲಟ್ ನಿಲ್ಲಿಸುತ್ತಾರೆ. 2024ರ ಜುಲೈ ಕೊನೆಯಲ್ಲಿ ಇದೇ ಘಾಟ್‌ನ ಕಡಗರವಳ್ಳಿ, ಎಡಕುಮೇರಿ ಸ್ಟೇಷನ್‌ಗಳ ನಡುವೆ ಹಳಿ ಕೆಳಗಿನ ಮಣ್ಣೇ ಕುಸಿದು ಸಂಚಾರ ನಿಂತಿತ್ತು. 2018ರ ಆಗಸ್ಟ್ ನೋಡಿದ ಕೊಡಗಿನವರಿಗೆ ಗುಡ್ಡ ಜಾರುವುದು ಏನು ಅಂತ ನಾನು ಹೇಳಬೇಕಾಗಿಲ್ಲ.

ಆದರೆ ಯೋಚನೆ ಮಾಡಿದರೆ ಪಾಯಿಂಟ್ಸ್‌ಮನ್ ಕೆಲಸವೂ ಕಡಿಮೆ ಅಲ್ಲ. ಅಲ್ಲಿ ಮೈ ಸೋಲುತ್ತದೆ, ಇಲ್ಲಿ ತಲೆ. ಕ್ಲ್ಯಾಂಪ್ ಹಾಕಿ "ಲೂಪ್‌ಗೆ ಸೆಟ್ ಆಗಿದೆ, ಬೀಗ ಹಾಕಿದ್ದೇನೆ ಸರ್" ಅಂತ ಹೇಳಿದ ಮೇಲೆ ಆ ಮಾತಿನ ಮೇಲೆ ಒಂದು ರೈಲು ಬರುತ್ತದೆ. ಮಲಗಿದ ಜನ ಇರುತ್ತಾರೆ. ಇಲ್ಲ, ನಾನು ಮಾತು ಬದಲಿಸುತ್ತೇನೆ, ಎರಡೂ ಸಮ.

ಕೊಡಗಿಗೆ ರೈಲು ಬೇಕಾ ಅಂತ ತುಂಬಾ ಜನ ಕೇಳಿದ್ದೀರಿ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಲೈನಿನ ಮಾತು ವರ್ಷಗಳಿಂದ ಇದೆ. ಕುಶಾಲನಗರದವರೆಗೆ ಬರಲಿ. ಕಾಯಿಲೆಯವರಿಗೆ, ಓದುವ ಮಕ್ಕಳಿಗೆ ಅನುಕೂಲ. ಅಲ್ಲಿಂದ ಮೇಲೆ ಗುಡ್ಡ ಕೊರೆಯುವುದು ಬೇಡ. ಘಾಟ್ ಹಳಿ ಕಾಯುವವನಾಗಿ ಹೇಳುತ್ತಿದ್ದೇನೆ.

ಸಕಲೇಶಪುರ ಬಂತು, ಬೇಗ ಮುಗಿಸುತ್ತೇನೆ. ಸೇರಬೇಕು ಅನ್ನುವವರಿಗೆ: ಇದು ಲೆವೆಲ್ 1, ಅಂದರೆ ಮೊದಲ ವೇತನ ಹಂತ, ಮೂಲ ವೇತನ 18,000 ರೂಪಾಯಿ, ಮೇಲೆ ಭತ್ಯೆಗಳು. ದೈಹಿಕ ಪರೀಕ್ಷೆಯಲ್ಲಿ ಹುಡುಗರು 35 ಕಿಲೋ ಹೊತ್ತು 100 ಮೀಟರ್ 2 ನಿಮಿಷದಲ್ಲಿ ಹೋಗಬೇಕು, 1000 ಮೀಟರ್ 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ನಮ್ಮ ತೋಟದ ಹುಡುಗರಿಗೆ ಗೊಬ್ಬರದ ಮೂಟೆ ಹೊತ್ತು ಅಭ್ಯಾಸ ಇದೆ, ಭಾರಕ್ಕೆ ಹೆದರಬೇಡಿ, ಓಟ ಅಭ್ಯಾಸ ಮಾಡಿ. ಹುಡುಗಿಯರೂ ಪಾಯಿಂಟ್ಸ್‌ಮನ್ ಆಗಿ ಇದ್ದಾರೆ, ಅವರಿಗೆ ಅಳತೆ ಬೇರೆ. ಎಲ್ಲಕ್ಕಿಂತ ಮುಖ್ಯ ಕಣ್ಣು. ಕೆಂಪು ಹಸಿರು ಗುರುತಿಸಲು ಆಗದಿದ್ದರೆ ಈ ಹುದ್ದೆ ಸಿಗುವುದಿಲ್ಲ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಕಣ್ಣಿನ ಡಾಕ್ಟರ್ ಹತ್ತಿರ ಬಣ್ಣದ ಪರೀಕ್ಷೆ ಮಾಡಿಸಿಕೊಳ್ಳಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಇಲ್ಲಿಂದ ಮುಂದೆ ಶೂಟ್ ಇಲ್ಲ, ಡ್ಯೂಟಿ ಜಾಗದಲ್ಲಿ ಕ್ಯಾಮೆರಾ ತೆಗೆಯುವುದಿಲ್ಲ. ಪಾಯಿಂಟ್ ಮೇಲೆ ಕಾಲಿಟ್ಟು ರೀಲ್ಸ್ ಮಾಡುವವರು ದಯವಿಟ್ಟು ನಿಲ್ಲಿಸಿ. ಟಂಗ್ ರೈಲ್ ಯಾವಾಗ ಸರಿಯುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಪ್ಯಾನೆಲ್ ಮುಂದೆ ಕೂತವರಿಗೆ ನೀವು ಕಾಣಿಸುವುದೂ ಇಲ್ಲ. ಪ್ರಶ್ನೆ ಇದ್ದರೆ ಕಾಮೆಂಟ್‌ನಲ್ಲಿ ಹಾಕಿ, ರಾತ್ರಿ ಪಾಳಿ ಮುಗಿಸಿ ಉತ್ತರ ಕೊಡುತ್ತೇನೆ. ಟಿಕೆಟ್ ಮಾತ್ರ ಕೇಳಬೇಡಿ.