ಟ್ರೆಂಟ್ ಬ್ರಿಡ್ಜ್ ಕ್ರಿಕೆಟ್ ಮೈದಾನ ಕಟ್ಟಿದ ವಿಲಿಯಂ ಕ್ಲಾರ್ಕ್ ಮತ್ತು ನಾಲ್ಕು ಪೌಂಡಿನ ಜಗಳ

ಇದೇ ನೋಡಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಡ್ಜ್ ಇನ್. ಸ್ಟೇಡಿಯಂ ಪಕ್ಕ ಯಾರೋ ಪಬ್ ಹಾಕಿದ್ದಾರೆ ಅಂದ್ಕೋಬೇಡಿ. ಪಬ್ ಮೊದಲು ಬಂದಿದ್ದು, ಅದರ ಹಿತ್ತಲಲ್ಲಿ ಮೈದಾನ ಹುಟ್ಟಿದ್ದು.

ಪಬ್ ನಡೆಸ್ತಿದ್ದವರು ಮೇರಿ ಚಾಪ್‌ಮನ್, ವಿಧವೆ. 1837ರಲ್ಲಿ ಅವರನ್ನ ಮದುವೆಯಾದವನು ವಿಲಿಯಂ ಕ್ಲಾರ್ಕ್. ಕಸುಬು ಗಾರೆ ಕೆಲಸ, ಬಲಗಣ್ಣಿಲ್ಲ, ಫೈವ್ಸ್ (ಗೋಡೆಗೆ ಕೈಯಲ್ಲಿ ಚೆಂಡು ಹೊಡೆಯೋ ಆಟ) ಆಡುವಾಗ ಪೆಟ್ಟು ಬಿದ್ದು ಹೋಗಿತ್ತು. ಮರುವರ್ಷವೇ ಹಿಂದಿನ ಜಾಗಕ್ಕೆ ಬೇಲಿ ಹಾಕ್ಸಿದ. ಬೇಲಿನೇ ಇಲ್ಲಿ ಮುಖ್ಯ. ಅಲ್ಲೀವರೆಗೆ ಊರಿನ ಮ್ಯಾಚ್ ನಡೀತಿದ್ದಿದ್ದು ಕುದುರೆ ರೇಸಿನ ಬಯಲಲ್ಲಿ, ಬಯಲಲ್ಲಿ ಯಾರ ಹತ್ರ ದುಡ್ಡು ಕೇಳ್ತೀರಿ? ಇಲ್ಲಿ ಬಾಗಿಲಲ್ಲೇ ಆರು ಪೆನ್ನಿ. ಪುಕ್ಕಟೆ ನೋಡಿ ಅಭ್ಯಾಸ ಆದ ಜನ ಗೊಣಗಿದ್ರು.

ಈ ಸ್ಟ್ಯಾಂಡ್ ಕಡೆಯಿಂದ ಪಿಚ್ ಚೆನ್ನಾಗಿ ಕಾಣುತ್ತೆ. ನಮ್ಮ ದ್ರಾವಿಡ್ 2002ರಲ್ಲಿ 115, 2011ರಲ್ಲಿ 117 ಹೊಡೆದಿದ್ದು ಇಲ್ಲೇ. 2011ರದ್ದು ಓಪನರ್ ಆಗಿ, ಅದನ್ನ ಸಾಕಷ್ಟು ಹೊಗಳಿಲ್ಲ ಅಂತ ನನ್ನ ತಕರಾರು... ಇರಲಿ, ಕ್ಲಾರ್ಕ್.

ಇವನ ಬೌಲಿಂಗು ಅಂಡರ್‌ಆರ್ಮ್, ಅಂದ್ರೆ ಕೈ ಭುಜದ ಕೆಳಗೇ ಇಟ್ಟು ಎಸೆಯೋದು, ನಿಧಾನ. ಭುಜದ ಎತ್ತರದ ರೌಂಡ್‌ಆರ್ಮ್‌ಗೆ 1835ರಲ್ಲೇ ನಿಯಮದ ಒಪ್ಪಿಗೆ ಸಿಕ್ಕಿತ್ತು, ಬ್ಯಾಟ್ಸ್‌ಮನ್‌ಗಳೆಲ್ಲ ಆ ವೇಗಕ್ಕೆ ಕೈ ಕೂರಿಸ್ಕೊಂಡಿದ್ರು. ಇವನು ಮೊಣಕೈ ಮಡಚಿ ಕಂಕುಳ ಹತ್ರದಿಂದ ಚೆಂಡು ಬಿಡ್ತಿದ್ದ. ಗಾಳೀಲಿ ತೇಲಿಬಂದು, ನೆಲಕ್ಕೆ ಬಿದ್ದಮೇಲೆ ಲೆಗ್‌ನಿಂದ ಆಫ್‌ಗೆ, ಅಂದ್ರೆ ಬ್ಯಾಟ್ಸ್‌ಮನ್ ಕಾಲಿನ ಕಡೆಯಿಂದ ಆಚೆಗೆ, ತಿರುಗಿ ಮೇಲೇಳೋದು. ಕ್ರೀಸ್‌ನಲ್ಲೇ ನಿಂತು ಬೀಸಿದವನಿಗೆ ಕ್ಯಾಚ್, ಮುನ್ನುಗ್ಗಿ ಚೆಂಡು ಸಿಗದವನಿಗೆ ಸ್ಟಂಪಿಂಗ್.

1846ರಲ್ಲಿ, 47ನೇ ವಯಸ್ಸಲ್ಲಿ, ಆಲ್ ಇಂಗ್ಲೆಂಡ್ ಇಲೆವೆನ್ ಅನ್ನೋ, ಊರೂರು ಸುತ್ತಿ ದುಡ್ಡಿಗೆ ಆಡುವ ತಂಡ ಕಟ್ಟಿದ. ಮೊದಲ ಮ್ಯಾಚ್ ಶೆಫೀಲ್ಡ್‌ನಲ್ಲಿ, ಹನ್ನೊಂದು ಜನರ ಎದುರು ಇಪ್ಪತ್ತು ಜನ. ಆಮೇಲೆ ಊರೂರಲ್ಲಿ ಇಪ್ಪತ್ತೆರಡು. ಅಷ್ಟೂ ಜನ ಫೀಲ್ಡಿಗಿಳಿದ್ರೆ ಒಂದು ರನ್ ತೆಗೆಯೋಕೂ ಸಂದಿ ಬೇಕಲ್ಲ!

ಈಗ ಸಂಬಳಕ್ಕೆ ಬನ್ನಿ, ನನಗೆ ಹೊಟ್ಟೆ ಉರಿಸೋ ವಿಷಯ ಇದು. ಮ್ಯಾಚ್‌ಗೆ ಕರೆಸಿದ ಊರಿನವರು ಒಪ್ಪಿದ ಮೊತ್ತ ಕ್ಲಾರ್ಕ್ ಕೈಗೇ ಹೋಗೋದು. ಆಟಗಾರನಿಗೆ ಕೊಡ್ತಿದ್ದಿದ್ದು ನಾಲ್ಕರಿಂದ ಆರು ಪೌಂಡ್, ಉಳಿದಿದ್ದು ಇವನಿಗೆ. ಜಿಪುಣ. ಆದ್ರೆ ತಾಳಿ, ಆಗ ಹೊಲದ ಕೂಲಿಯವನಿಗೆ ವಾರಕ್ಕೆ ಹತ್ತು ಶಿಲ್ಲಿಂಗ್ ಆಸುಪಾಸು. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್, ಅಂದ್ರೆ ನಾಲ್ಕು ಪೌಂಡ್ ಅಂದ್ರೆ ಅವನ ಎಂಟು ವಾರದ ದುಡಿಮೆ, ಇವರಿಗೆ ಮೂರು ದಿನಕ್ಕೆ! ಕಮ್ಮಿಯೇನಲ್ಲ. ಅಲ್ಲಾ, ರೈಲು, ಕುದುರೆಗಾಡಿ ಖರ್ಚೂ ಅದರಲ್ಲೇ ಕಳೀಬೇಕು. ಬಾಗಿಲ ಲೆಕ್ಕ ನೋಡಿ: ಪೌಂಡಿಗೆ 240 ಪೆನ್ನಿ, ಆರು ಪೆನ್ನಿಯಂತೆ ನಲವತ್ತು ಜನ ಬಂದ್ರೆ ಒಂದು ಪೌಂಡ್. ನೂರಾ ಅರವತ್ತು ಜನ ಒಳಗೆ ಬಂದ್ರೆ ಒಬ್ಬ ಆಟಗಾರನ ನಾಲ್ಕು ಪೌಂಡ್ ಹುಟ್ಟಿತು, ಸೇರ್ತಿದ್ದಿದ್ದು ಸಾವಿರಗಟ್ಟಲೆ ಜನ. ಜಿಪುಣನೇ ಬಿಡಿ.

1852ರಲ್ಲಿ ಇವನ ತಂಡದಲ್ಲೇ ಆಡ್ತಿದ್ದ ಸಸೆಕ್ಸ್‌ನ ಜಾನ್ ವಿಸ್ಡನ್, ಜೆಮ್ಮಿ ಡೀನ್ ಸಿಡಿದು ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್ ಮಾಡ್ಕೊಂಡ್ರು. ಇನ್ನು ಕ್ಲಾರ್ಕ್ ಕೈಕೆಳಗೆ ಆಡಲ್ಲ ಅಂದ್ರು. ಅವರ ಜೊತೆ ಮ್ಯಾಚ್‌ಗೆ ಕ್ಲಾರ್ಕ್ ಕೊನೇವರೆಗೂ ಒಪ್ಪಲಿಲ್ಲ. 1856ರ ಆಗಸ್ಟ್‌ನಲ್ಲಿ ತೀರಿಕೊಂಡ, ಮುಂದಿನ ವರ್ಷವೇ ಎರಡೂ ತಂಡ ಲಾರ್ಡ್ಸ್‌ನಲ್ಲಿ ಆಡಿದವು.

ಗೇಟ್ ತೆಗೀತಿದ್ದಾರೆ, ಬನ್ನಿ ಒಳಗೆ.