ಸತ್ತಿದೆ ಅಂದುಕೊಂಡ ರೌಟರ್ ಒಳಗೊಳಗೇ ಮಾತಾಡುತ್ತಿರುತ್ತದೆ: ಸೀರಿಯಲ್ ವೈರ್ ಹಾಕಿ ಬ್ರಿಕ್ ಆದ ರೌಟರ್ ಎಬ್ಬಿಸುವುದು

ದೃಶ್ಯ: ಟೇಬಲ್ ಮೇಲೆ ಬಿಳಿ ರೌಟರ್. ಎಲ್ಲಾ ಲೈಟೂ ಒಟ್ಟಿಗೆ ಹತ್ತಿ ಆರುತ್ತವೆ.

ಈ ಲೈಟ್‌ಗಳನ್ನು ಸ್ವಲ್ಪ ಹೊತ್ತು ನೋಡಿ. ಒಟ್ಟಿಗೆ ಹತ್ತುತ್ತವೆ, ಆರುತ್ತವೆ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಅದೇ. ವೈಫೈ ಹೆಸರು ಬರುವುದಿಲ್ಲ. ಕೇಬಲ್ ಹಾಕಿದರೂ ಪೇಜ್ ತೆರೆಯುವುದಿಲ್ಲ. ರೀಸೆಟ್ ಬಟನ್ ಎಷ್ಟು ಒತ್ತಿದರೂ ಅಷ್ಟೇ.

ಇದು ಶಿರಸಿ ಹತ್ತಿರ ಇರುವ ನಮ್ಮ ಅಕ್ಕನ ಮನೆಯ ರೌಟರ್. ಟಿಪಿ-ಲಿಂಕ್ ಡಬ್ಲ್ಯೂಆರ್841ಎನ್, ವರ್ಷನ್ 8. ಮಳೆಗಾಲದ ಒಂದು ಸಂಜೆ ಭಾವ ಫರ್ಮ್‌ವೇರ್, ಅಂದರೆ ರೌಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್‌ಗೆ ಕೊಟ್ಟಿದ್ದರು, ಅರ್ಧದಲ್ಲಿ ಕರೆಂಟ್ ಹೋಯಿತು. ಇಂಥದ್ದಕ್ಕೆ ಬ್ರಿಕ್ ಆಯಿತು ಅನ್ನುತ್ತಾರೆ, ಅಂದರೆ ಇಟ್ಟಿಗೆಯ ಹಾಗೆ ಬಿದ್ದುಕೊಂಡಿದೆ ಅಂತ. ಅಂಗಡಿಯವರು ಹೊಸದು ತಗೊಳ್ಳಿ ಅಂದರಂತೆ. ನಾನು ಬೇಡ ಅಂದೆ, ಯಾಕೆಂದರೆ ಸತ್ತ ರೌಟರ್ ಹೀಗೆ ಪದೇ ಪದೇ ಲೈಟ್ ಹಚ್ಚುವುದಿಲ್ಲ. ಒಳಗೆ ಯಾರೋ ಇದ್ದಾರೆ.

ಆ ಯಾರೋ ಅಂದರೆ ಬೂಟ್‌ಲೋಡರ್, ಆನ್ ಮಾಡಿದಾಗ ಮೊದಲು ಎದ್ದು ಫರ್ಮ್‌ವೇರ್ ಎಬ್ಬಿಸುವ ಪುಟ್ಟ ಪ್ರೋಗ್ರಾಮ್. ಹೆಸರು ಯು-ಬೂಟ್. ಈ ರೌಟರ್‌ನ ಫ್ಲಾಶ್ ಚಿಪ್, ಅಂದರೆ ಕರೆಂಟ್ ಹೋದರೂ ಬರೆದಿದ್ದು ಉಳಿಯುವ ಮೆಮೊರಿ, ಬರೀ 4 ಎಂಬಿ. ಅದರ ಮೊದಲ 128 ಕೆಬಿಯಲ್ಲಿ ಯು-ಬೂಟ್ ಇರುತ್ತದೆ, ಆಮೇಲೆ ಫರ್ಮ್‌ವೇರ್, ಕೊನೆಗೆ 64 ಕೆಬಿ ಸೆಟ್ಟಿಂಗ್ಸ್, ಅದರ ನಂತರ ಇನ್ನೊಂದು 64 ಕೆಬಿ. ಈ ಕೊನೆಯ ತುಂಡಿನ ಹೆಸರು ಎಆರ್‌ಟಿ. ಇದನ್ನು ನೆನಪಿಟ್ಟುಕೊಳ್ಳಿ, ಇದರ ಬಗ್ಗೆ ಆಮೇಲೆ ಜಾಸ್ತಿ ಮಾತಾಡುವುದಿದೆ. ಕರೆಂಟ್ ಹೋದಾಗ ಕೆಟ್ಟಿದ್ದು ನಡುವಿನ ಫರ್ಮ್‌ವೇರ್ ಮಾತ್ರ. ಯು-ಬೂಟ್ ಸರಿಯಾಗಿದೆ, ಪ್ರತಿ ಸಲ ಏಳುತ್ತದೆ, ಫರ್ಮ್‌ವೇರ್ ಬಿಚ್ಚಲು ನೋಡುತ್ತದೆ, ಆಗುವುದಿಲ್ಲ, ರೀಸ್ಟಾರ್ಟ್ ಮಾಡುತ್ತದೆ. ಅದಕ್ಕೇ ಈ ಲೈಟ್‌ಗಳ ಆಟ.

ಯು-ಬೂಟ್ ತಾನು ಮಾಡುವುದನ್ನೆಲ್ಲ ಸೀರಿಯಲ್ ಪೋರ್ಟ್‌ನಲ್ಲಿ, ಅಂದರೆ ವೈರ್ ಮೇಲೆ ಅಕ್ಷರ ಕಳಿಸುವ ಬೋರ್ಡ್‌ನ ಒಂದು ಬಾಗಿಲಲ್ಲಿ, ಹೇಳುತ್ತಾ ಹೋಗುತ್ತದೆ. ಕೇಳುವವರು ಯಾರೂ ಇರುವುದಿಲ್ಲ, ಅಷ್ಟೇ.

ವೈರ್ ಹಿಡಿಯುವ ಮೊದಲು ಒಂದು ಮಾತು. ಕೆಲವು ಮಾಡೆಲ್‌ಗಳಲ್ಲಿ ರೀಸೆಟ್ ಒತ್ತಿ ಹಿಡಿದು ಆನ್ ಮಾಡಿದರೆ ರೌಟರ್ ತಾನೇ 192.168.0.66 ಅನ್ನುವ ವಿಳಾಸದಲ್ಲಿರುವ ಕಂಪ್ಯೂಟರ್ ಹತ್ತಿರ ರಿಕವರಿ ಫೈಲ್ ಕೇಳುತ್ತದೆ. ಹಾಗಿದ್ದರೆ ಬಿಚ್ಚುವ ಕೆಲಸವೇ ಇಲ್ಲ, ಮೊದಲು ಅದನ್ನು ನೋಡಿ. ನಮ್ಮದು ಕೇಳಲಿಲ್ಲ.

ದೃಶ್ಯ: ಮುಚ್ಚಳ ತೆಗೆದ ಬೋರ್ಡ್. ಸಾಲಾಗಿ ನಾಲ್ಕು ತೂತು.

ಈ ನಾಲ್ಕು ತೂತುಗಳೇ ಸೀರಿಯಲ್ ಪೋರ್ಟ್. ಒಂದು ಗ್ರೌಂಡ್, ಒಂದು 3.3 ವೋಲ್ಟ್, ಒಂದು ಕಳಿಸುವುದು, ಒಂದು ತೆಗೆದುಕೊಳ್ಳುವುದು. ಯಾವುದು ಯಾವುದು ಅಂತ ಊಹೆ ಮಾಡಬೇಡಿ, ಮಲ್ಟಿಮೀಟರ್ ಇದೆಯಲ್ಲ. ಪವರ್ ಆಫ್ ಮಾಡಿ, ಬೀಪ್ ಮೋಡ್‌ನಲ್ಲಿ ಪವರ್ ಜಾಕ್‌ನ ಹೊರಭಾಗಕ್ಕೆ ಯಾವುದು ಬೀಪ್ ಅನ್ನುತ್ತದೋ ಅದು ಗ್ರೌಂಡ್. ಆಮೇಲೆ ಪವರ್ ಆನ್ ಮಾಡಿ ವೋಲ್ಟೇಜ್ ನೋಡಿ. ಅಲ್ಲಾಡದೆ 3.3 ತೋರಿಸುವುದು ಪವರ್ ಪಿನ್. ಬೂಟ್ ಆಗುವಾಗ ವೋಲ್ಟೇಜ್ ಕೆಳಗೆ ಮೇಲೆ ಓಲಾಡುತ್ತಿದ್ದರೆ ಅದೇ ಕಳಿಸುವ ಪಿನ್, ಟಿಎಕ್ಸ್. ಉಳಿದಿದ್ದು ಆರ್‌ಎಕ್ಸ್.

ಇನ್ನು ಬೇಕಾಗಿದ್ದು ಯುಎಸ್‌ಬಿ ಟಿಟಿಎಲ್ ಅಡಾಪ್ಟರ್, ಕಂಪ್ಯೂಟರ್‌ನ ಯುಎಸ್‌ಬಿಯನ್ನು ಈ ಪಿನ್‌ಗಳಿಗೆ ಜೋಡಿಸುವ ಪುಟ್ಟ ಬೋರ್ಡ್. ಅದರ ಚಿಪ್ ಸಿಪಿ2102 ಆಗಲಿ, ಸಿಎಚ್340 ಆಗಲಿ, ನಡೆಯುತ್ತದೆ. ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ತಂದಿದ್ದು. ಆದರೆ ತಂದ ತಕ್ಷಣ ಚುಚ್ಚಬೇಡಿ. ವೋಲ್ಟೇಜ್ ಆರಿಸುವ ಜಂಪರ್ ಇದ್ದರೆ 3.3ಕ್ಕೆ ಹಾಕಿ, ಅಡಾಪ್ಟರ್‌ನ ಟಿಎಕ್ಸ್ ಪಿನ್‌ನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಮೀಟರ್‌ನಲ್ಲಿ ನೋಡಿ. ಅಲ್ಲಿ 5 ಬಂದರೆ ರೌಟರ್‌ನ ಮುಖ್ಯ ಚಿಪ್ಪೇ ಸುಡಬಹುದು, ಆಗ ಈ ವಿಡಿಯೋ ಯಾವ ಉಪಯೋಗಕ್ಕೂ ಬರುವುದಿಲ್ಲ.

ಪಿನ್ ಸೋಲ್ಡರ್ ಮಾಡಿ ಮೂರೇ ವೈರ್ ಹಾಕಿ. ಗ್ರೌಂಡ್‌ಗೆ ಗ್ರೌಂಡ್, ಇದರ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ, ಅದರ ಟಿಎಕ್ಸ್ ಇದರ ಆರ್‌ಎಕ್ಸ್‌ಗೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ, ಅಲ್ವಾ? 3.3 ವೋಲ್ಟ್ ಪಿನ್ ಖಾಲಿ ಬಿಡಿ, ರೌಟರ್‌ಗೆ ಅದರದೇ ಪವರ್ ಅಡಾಪ್ಟರ್‌ನಿಂದ ಪವರ್ ಕೊಡಿ.

ಕಂಪ್ಯೂಟರ್‌ನಲ್ಲಿ ಪುಟ್ಟಿ ಅಥವಾ ಮಿನಿಕಾಮ್ ಅನ್ನುವ ಟರ್ಮಿನಲ್ ಪ್ರೋಗ್ರಾಮ್ ತೆರೆದು ಸ್ಪೀಡ್ 115200 ಇಡಿ, ಫ್ಲೋ ಕಂಟ್ರೋಲ್ ಆಫ್ ಮಾಡಿ. ಈ ಫ್ಲೋ ಕಂಟ್ರೋಲ್ ಮರೆತರೆ ಅಕ್ಷರ ಎಲ್ಲಾ ಕಾಣುತ್ತದೆ, ನೀವು ಟೈಪ್ ಮಾಡಿದ್ದು ಮಾತ್ರ ಹೋಗುವುದಿಲ್ಲ, ವೈರ್ ಸರಿ ಇಲ್ಲ ಅಂದುಕೊಂಡು ಗಂಟೆಗಟ್ಟಲೆ ಹುಡುಕುತ್ತೀರಿ. ಕಸದಂಥ ಅಕ್ಷರ ಬಂದರೆ ಸ್ಪೀಡ್ ತಪ್ಪಿದೆ ಅಂತ ಅರ್ಥ.

ದೃಶ್ಯ: ಟರ್ಮಿನಲ್. ಸಾಲುಗಳು ಓಡುತ್ತವೆ, ಕೊನೆಯ ಸಾಲು ದೊಡ್ಡದಾಗುತ್ತದೆ.

ನೋಡಿದಿರಾ? ಎಲ್‌ಜೆಡ್‌ಎಂಎ ಎರರ್ 1, ಮಸ್ಟ್ ರೀಸೆಟ್ ಬೋರ್ಡ್ ಟು ರಿಕವರ್. ಕಂಪ್ರೆಸ್ ಆಗಿದ್ದ ಕರ್ನಲ್, ಅಂದರೆ ಫರ್ಮ್‌ವೇರ್‌ನ ಮುಖ್ಯ ಭಾಗ, ಬಿಚ್ಚಲು ಆಗುತ್ತಿಲ್ಲ ಅನ್ನುತ್ತಿದೆ. ಇಷ್ಟು ದಿನ ಇದನ್ನೇ ಹೇಳುತ್ತಿತ್ತು ಪಾಪ, ನಮಗೆ ಕಾಣುತ್ತಿದ್ದಿದ್ದು ಲೈಟ್ ಮಾತ್ರ.

ಈಗ ಅದನ್ನು ತಡೆದು ನಿಲ್ಲಿಸಬೇಕು. ಆಟೋಬೂಟಿಂಗ್ ಇನ್ 1 ಸೆಕೆಂಡ್ಸ್ ಅಂತ ಬರುತ್ತದೆ, ಆ ಒಂದೇ ಸೆಕೆಂಡ್‌ನಲ್ಲಿ ಟಿ, ಪಿ, ಎಲ್ ಅಂತ ಮೂರು ಅಕ್ಷರ ಒತ್ತಬೇಕು. ಬೇರೆ ಯಾವ ಕೀ ಒತ್ತಿದರೂ ಇದು ನಿಲ್ಲುವುದಿಲ್ಲ. ಕೈ ಸಾಲದಿದ್ದರೆ ಮೊದಲೇ ಕಾಪಿ ಮಾಡಿಟ್ಟುಕೊಂಡು ಪೇಸ್ಟ್ ಮಾಡಿ. ಕಮಾಂಡ್‌ಗೆ ಕಾಯುವ ಪ್ರಾಂಪ್ಟ್ ಬಂತು ಅಂದರೆ ರೌಟರ್ ನಿಮ್ಮ ಮಾತು ಕೇಳಲು ರೆಡಿ.

ಎಲ್ಲರಿಗೂ ಇಲ್ಲೇ ಅವಸರ. ಸುಮ್ನೆ ಒಂದು ನಿಮಿಷ ನಿಲ್ಲಿ, ಎಆರ್‌ಟಿ ಬ್ಯಾಕಪ್ ತೆಗೆದುಕೊಳ್ಳಿ. ಫ್ಯಾಕ್ಟರಿಯಲ್ಲಿ ಇದೇ ಬೋರ್ಡ್‌ನ ವೈಫೈ ರೇಡಿಯೋ ಅಳೆದು ಬರೆದಿಟ್ಟ ಲೆಕ್ಕ ಅದು. ಪಕ್ಕದ ಮನೆಯ ರೌಟರ್‌ನದು ಇದಕ್ಕೆ ಸರಿ ಹೊಂದುವುದಿಲ್ಲ, ಯಾವ ಡೌನ್‌ಲೋಡ್‌ನಲ್ಲೂ ಸಿಗುವುದಿಲ್ಲ. ಟರ್ಮಿನಲ್‌ನಲ್ಲಿ ಲಾಗ್ ಆನ್ ಮಾಡಿ, ಸ್ಕ್ರೀನ್ ಮೇಲಿರುವ ಎಂಡಿ ಕಮಾಂಡ್, ಮೆಮೊರಿಯಲ್ಲಿ ಇರುವುದನ್ನು ತೋರಿಸುವ ಕಮಾಂಡ್, ಕೊಡಿ, 9ಎಫ್3ಎಫ್0000ರಿಂದ 10000 ಬೈಟ್. ಯು-ಬೂಟ್‌ನಲ್ಲಿ ಎಲ್ಲಾ ಸಂಖ್ಯೆಯೂ ಹೆಕ್ಸ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕ, ಹಾಗಾಗಿ ಈ 10000 ಅಂದರೆ 65,536. ಸುಮಾರು ಅರ್ಧ ನಿಮಿಷ ಅಂಕಿಗಳು ಓಡುತ್ತವೆ. ಆ ಲಾಗ್ ಫೈಲ್ ಜೋಪಾನ.

ಇನ್ನು ಫೈಲ್. ಕಂಪನಿಯ ಫರ್ಮ್‌ವೇರ್ ನಿಮ್ಮ ವರ್ಷನ್‌ದೇ ಆಗಿರಬೇಕು, ತಳದ ಸ್ಟಿಕರ್ ನೋಡಿ. ಫೈಲ್ ಹೆಸರಿನಲ್ಲಿ ಬೂಟ್ ಅಂತ ಇದ್ದರೆ ಅದರೊಳಗೆ ಯು-ಬೂಟ್ ಕೂಡ ಸೇರಿದೆ, ಫೈಲ್‌ನ ಮೊದಲ 1,31,584 ಬೈಟ್ ಕತ್ತರಿಸಲೇಬೇಕು. ಕಂಪ್ಯೂಟರ್‌ನಲ್ಲಿ ಲಿನಕ್ಸ್‌ನ ಡಿಡಿ ಕಮಾಂಡ್‌ನಲ್ಲಿ 512 ಬೈಟ್‌ನ 257 ಬ್ಲಾಕ್ ಬಿಟ್ಟರೆ ಆಯಿತು. ಉಳಿದ ಫೈಲ್ ಸರಿಯಾಗಿ 39,32,160 ಬೈಟ್ ಇರಬೇಕು. ಒಂದು ಬೈಟ್ ಆಚೀಚೆ ಇದ್ದರೂ ಮುಂದೆ ಹೋಗಬೇಡಿ.

ಕಂಪ್ಯೂಟರ್‌ನಿಂದ ರೌಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ, ಕಂಪ್ಯೂಟರ್ ಐಪಿ 192.168.1.100 ಇಡಿ, ಕೇಬಲ್ ಮೇಲೆ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ಶುರು ಮಾಡಿ, ಫೈರ್‌ವಾಲ್ ಆಫ್ ಮಾಡಿ. ಯು-ಬೂಟ್‌ನಲ್ಲಿ ಪ್ರಿಂಟ್‌ಎನ್ವ್ ಕಮಾಂಡ್ ಕೊಟ್ಟರೆ ರೌಟರ್ ಯಾವ ಸರ್ವರ್ ಐಪಿ ಹುಡುಕುತ್ತಿದೆ ಅಂತ ಗೊತ್ತಾಗುತ್ತದೆ. ಟಿಎಫ್‌ಟಿಪಿಬೂಟ್ ಕಮಾಂಡ್‌ನಲ್ಲಿ ಫೈಲ್ ರ‍್ಯಾಮ್‌ನ 81000000ಕ್ಕೆ ಬರುತ್ತದೆ. ಮುಗಿದ ಮೇಲೆ 3ಸಿ0000 ಹೆಕ್ಸ್ ಅಂತ ಬರಬೇಕು, ಅದೇ 39,32,160. ಇಲ್ಲಿಯವರೆಗೆ ಫ್ಲಾಶ್‌ನಲ್ಲಿ ಏನನ್ನೂ ಮುಟ್ಟಿಲ್ಲ. ತಪ್ಪಾಗಿದ್ದರೆ ಆಫ್ ಮಾಡಿ ಮೊದಲಿನಿಂದ ಶುರು ಮಾಡಬಹುದು.

ದೃಶ್ಯ: ಎರೇಸ್ ಕಮಾಂಡ್ ಸ್ಕ್ರೀನ್ ತುಂಬಾ. ಎಂಟರ್ ಇನ್ನೂ ಒತ್ತಿಲ್ಲ.

ಇದು ವಾಪಸ್ ಬರಲಾಗದ ಜಾಗ. 9ಎಫ್020000ದಿಂದ 3ಸಿ0000 ಬೈಟ್ ಅಳಿಸು. ಮೊದಲ ಸಂಖ್ಯೆಯಲ್ಲಿ ಆ 2ರ ಬದಲು 0 ಬಿದ್ದರೆ ಯು-ಬೂಟ್ ಅಳಿಸಿಹೋಗುತ್ತದೆ, ಆಮೇಲೆ ಫ್ಲಾಶ್ ಚಿಪ್‌ಗೇ ಕ್ಲಿಪ್ ಹಾಕಿ ಪ್ರೋಗ್ರಾಮರ್‌ನಲ್ಲಿ ಬರೆಯಬೇಕು. ಎರಡನೆಯದರಲ್ಲಿ ಸಿ ಬದಲು ಇ ಬಿದ್ದರೆ ಅಳಿಸುವುದು ಚಿಪ್‌ನ ತುದಿವರೆಗೂ ಹೋಗಿ ಎಆರ್‌ಟಿ ಕೂಡ ಮಾಯ. ಒಂದೇ ಅಕ್ಷರ. ಬಾಯಿಬಿಟ್ಟು ಓದಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಂದಲೂ ಓದಿಸಿ. ನಾನು ಅಕ್ಕನ ಮಗಳ ಕೈಯಲ್ಲಿ ಓದಿಸಿದೆ, ಅವಳು ಪೇಪರ್‌ನಲ್ಲಿ ಬರೆದಿಟ್ಟಿದ್ದನ್ನು ಒಂದೊಂದೇ ಅಂಕಿ ಟಿಕ್ ಮಾಡಿದಳು. ಆಮೇಲೆ ಎಂಟರ್.

ಅಳಿಸಿದ ಮೇಲೆ ಸಿಪಿ ಕಮಾಂಡ್, ರ‍್ಯಾಮ್‌ನಿಂದ ಫ್ಲಾಶ್‌ಗೆ, ಅದೇ ಉದ್ದ. ಈ ಹೊತ್ತಿನಲ್ಲಿ ಮತ್ತೆ ಕರೆಂಟ್ ಹೋಗದ ಹಾಗೆ ರೌಟರ್ ಯುಪಿಎಸ್ ಮೇಲಿರಲಿ. ಕೊನೆಗೆ ಹೊಸ ಫರ್ಮ್‌ವೇರ್ ಎಬ್ಬಿಸಲು ಬೂಟ್‌ಎಂ 9ಎಫ್020000.

ದೃಶ್ಯ: ಕರ್ನಲ್ ಸಾಲುಗಳು. ರೌಟರ್‌ನ ಹಲ್ಲಿನ ಚಕ್ರದ ಗುರುತಿರುವ ಲೈಟ್ ನಿಧಾನವಾಗಿ ಮಿಣುಕುತ್ತದೆ.

192.168.0.1 ತೆರೆಯಿತು, ವೈಫೈ ಹೆಸರು ಭಾವನ ಫೋನ್‌ನಲ್ಲಿ ಬಂತು. ಸೋಲ್ಡರ್ ಮಾಡಿದ ಪಿನ್‌ಗಳನ್ನು ತೆಗೆಯಲಿಲ್ಲ, ಒಳಗೇ ಬಿಟ್ಟು ಮುಚ್ಚಳ ಹಾಕಿದೆ. ತಳದಲ್ಲಿ ಮಾರ್ಕರ್‌ನಿಂದ ಪಿನ್‌ಗಳ ಕ್ರಮ ಮತ್ತು 115200 ಅಂತ ಬರೆದಿಟ್ಟಿದ್ದೇನೆ.