ಮಗು ತಾನೇ ಆರಿಸಿಕೊಳ್ಳಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಸ್ತಕ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಮನೆಗಳ ಮಕ್ಕಳಿಗೆ ಪುಸ್ತಕ ತಲುಪಿಸುವ ವಿಷಯ ಇವತ್ತು ಮಾತಾಡೋಣ. ಕೊಡುವ ಮನಸ್ಸಿರುವವರಿಗೆ ಬರವಿಲ್ಲ. ಆದರೆ ನಾವು ಕೊಡುವುದು ಏನನ್ನು ಅಂತ ಒಂದು ಸಲ ಪೆಟ್ಟಿಗೆ ಬಿಚ್ಚಿ ನೋಡಬೇಕು.

ದಾನದ ಪುಸ್ತಕ ವಿಂಗಡಿಸಲು ಕೂತವರಿಗೆ ಇದು ಚೆನ್ನಾಗಿ ಗೊತ್ತು. ಮೇಲುಗಡೆ ಹಳೇ ಪರೀಕ್ಷೆಯ ಗೈಡು. ಅದರ ಕೆಳಗೆ ದಪ್ಪನೆಯ ಕಂಪ್ಯೂಟರ್ ಪುಸ್ತಕ, ಅದರಲ್ಲಿರುವ ಸಾಫ್ಟ್‌ವೇರನ್ನು ಈಗ ಯಾರೂ ಬಳಸುತ್ತಿಲ್ಲ. ಚುಕ್ಕಿ ಸೇರಿಸಿ ಚಿತ್ರ ಮಾಡುವ ಪುಸ್ತಕವೂ ಇದೆ, ಚುಕ್ಕಿಗಳನ್ನೆಲ್ಲ ಯಾರೋ ಆಗಲೇ ಸೇರಿಸಿಬಿಟ್ಟಿದ್ದಾರೆ. ತಳದಲ್ಲಿ ಒಂದು ಒಳ್ಳೇ ಕಥೆಪುಸ್ತಕ ಸಿಗುತ್ತದೆ. ತಿರುಗಿಸಿ ನೋಡಿದರೆ ಕೊನೆಯ ಎರಡು ಹಾಳೆಯೇ ಇಲ್ಲ! ಮುಂದೇನಾಯ್ತು ಅಂತ ಆ ಮಗು ಯಾರನ್ನು ಕೇಳಬೇಕು? ಮನೆಯ ಕಪಾಟು ಖಾಲಿ ಮಾಡುವುದು ಬೇರೆ, ಮಗುವಿಗೆ ಪುಸ್ತಕ ಕೊಡುವುದು ಬೇರೆ. ನಮ್ಮ ಮಗುವಿನ ಹುಟ್ಟಿದ ದಿನಕ್ಕೆ ಕೊಡಲು ಹಿಂಜರಿಯುವ ಪುಸ್ತಕ ಇನ್ನೊಂದು ಮಗುವಿಗೂ ಬೇಡ, ಅಲ್ವಾ?

ಯೆಲ್ಲಾ ಲೆಪ್‌ಮನ್ ಎಂಬ ಪತ್ರಕರ್ತೆಯ ಬಗ್ಗೆ ಹೇಳಲೇಬೇಕು. ಜರ್ಮನಿಯ ಯಹೂದಿ ಹೆಣ್ಣುಮಗಳು. ಹಿಟ್ಲರನ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ ಜೀವ ಉಳಿಸಿಕೊಂಡವರು. 1945ರಲ್ಲಿ ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಸಲಹೆಗಾರರಾಗಿ ಅದೇ ಜರ್ಮನಿಗೆ ವಾಪಸ್ ಬಂದರು. ತಮ್ಮನ್ನು ಓಡಿಸಿದ ದೇಶದ ಮಕ್ಕಳ ಮೇಲೆ ಅವರಿಗೆ ಸಿಟ್ಟು ಹುಟ್ಟಲಿಲ್ಲ. ಇಪ್ಪತ್ತು ದೇಶಗಳಿಗೆ ಪತ್ರ ಬರೆದು, ನಿಮ್ಮಲ್ಲಿರುವ ಒಳ್ಳೊಳ್ಳೆಯ ಮಕ್ಕಳ ಪುಸ್ತಕ ಕಳಿಸಿ ಅಂತ ಕೇಳಿದರು. ಬೆಲ್ಜಿಯಂ ಮೊದಲು ಆಗುವುದಿಲ್ಲ ಅಂದಿತು. ಜರ್ಮನ್ ಸೈನ್ಯ ಎರಡು ಸಲ ನುಗ್ಗಿದ್ದ ದೇಶ ಅದು. ಲೆಪ್‌ಮನ್ ಬಿಡಲಿಲ್ಲ, ಮತ್ತೆ ಬರೆದರು. ಅಲ್ಲಿಂದಲೂ ಪುಸ್ತಕ ಬಂತು. 1946ರಲ್ಲಿ ಮ್ಯೂನಿಕ್ ನಗರದಲ್ಲಿ ಅವೆಲ್ಲದರ ಪ್ರದರ್ಶನ ನಡೆಯಿತು.

ಆದರೆ ಪ್ರದರ್ಶನದ ಪುಸ್ತಕವನ್ನು ನೋಡಿ ಅಲ್ಲೇ ಇಟ್ಟು ಬರಬೇಕು. ಅದಕ್ಕೇ ಅವರು ಕಾದಾಡಲು ಒಲ್ಲದ ಒಂದು ಹೋರಿಯ ಕಥೆಯನ್ನು ತಾವೇ ಜರ್ಮನ್‌ಗೆ ತಂದು, ನ್ಯೂಸ್‌ಪ್ರಿಂಟ್ ಕಾಗದದಲ್ಲಿ 30,000 ಪ್ರತಿ ಅಚ್ಚು ಹಾಕಿಸಿ ಬರ್ಲಿನ್ ಮಕ್ಕಳಿಗೆ ಹಂಚಿದರು. ಕಾಗದ ಅಗ್ಗದ್ದೇ ಇರಬಹುದು, ಕಥೆ ಮಾತ್ರ ಆರಿಸಿ ತಂದದ್ದು. ಮಕ್ಕಳ ಭಾಷೆಯಲ್ಲೇ ಇತ್ತು, ಮನೆಗೆ ಒಯ್ಯುವಂತಿತ್ತು. ಇದಕ್ಕಿಂತ ಜಾಸ್ತಿ ಏನು ಬೇಕು?

ತಲುಪಿಸುವ ದಾರಿ ಹುಡುಕಿದವರು ಬೇಕಾದಷ್ಟು ಜನ ಇದ್ದಾರೆ. ಕೊಲಂಬಿಯಾದಲ್ಲಿ ಒಬ್ಬ ಮೇಷ್ಟ್ರು ಎರಡು ಕತ್ತೆಗಳ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋದರು. ಕೀನ್ಯಾದಲ್ಲಿ ಒಂಟೆಗಳು ಹೊತ್ತವು. ನನಗೆ ಹೆಚ್ಚು ಹಿಡಿಸಿದ್ದು ಅಮೆರಿಕದ ಬಾಸ್ಟನ್ ನಗರದ ಮಕ್ಕಳ ವೈದ್ಯರು 1989ರಲ್ಲಿ ಶುರು ಮಾಡಿದ ಕೆಲಸ. ಮಗುವನ್ನು ತಪಾಸಣೆಗೆ ಕರೆತಂದಾಗ ಡಾಕ್ಟರೇ ಒಂದು ಹೊಸ ಪುಸ್ತಕ ಕೊಡುತ್ತಾರೆ. ಜೋರಾಗಿ ಓದಿ ಹೇಳುವುದು ಹೇಗೆ ಅಂತ ಅಪ್ಪ ಅಮ್ಮನಿಗೆ ಅಲ್ಲೇ ತೋರಿಸುತ್ತಾರೆ. ತಾಯಂದಿರು ಗ್ರಂಥಾಲಯಕ್ಕೆ ಹೋಗದೇ ಇರಬಹುದು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗೇ ಹೋಗುತ್ತಾರೆ. ಜನ ಹೇಗೂ ಬರುವ ಕಡೆ ಪುಸ್ತಕ ಇಟ್ಟದ್ದೇ ಅಲ್ಲಿನ ಜಾಣತನ.

ಕಣ್ಣು ಕಾಣದ ಮಕ್ಕಳನ್ನು ಮಾತ್ರ ನಾವು ಬೇಗ ಮರೆತುಬಿಡುತ್ತೇವೆ. 2013ರಲ್ಲಿ ಮರಕೇಶ್ ಒಪ್ಪಂದ ಆಯಿತು. ಅದಕ್ಕೆ ಸೇರಿದ ದೇಶಗಳಲ್ಲಿ, ಪ್ರತಿ ಪುಸ್ತಕಕ್ಕೂ ಹಕ್ಕುದಾರರ ಅಪ್ಪಣೆಗೆ ಕಾಯದೆ ಬ್ರೈಲ್ ಅಥವಾ ಧ್ವನಿ ಪ್ರತಿ ಮಾಡಲು ಕಾನೂನೇ ದಾರಿ ಬಿಡುತ್ತದೆ. ಪುಸ್ತಕ ಹಂಚುವ ಯೋಚನೆ ಇದ್ದವರು ಈ ಮಕ್ಕಳ ಲೆಕ್ಕವನ್ನೂ ಮೊದಲೇ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು ಬೀಗದ ಬಗ್ಗೆ. ಶಾಲೆಗೆ ಹೊಸ ಪುಸ್ತಕ ಬರುತ್ತದೆ. ಮುದ್ರೆ ಒತ್ತುತ್ತಾರೆ, ನಂಬರ್ ಹಾಕುತ್ತಾರೆ, ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಾರೆ. ಹರಿದರೆ ಯಾರು ಹೊಣೆ ಅನ್ನೋ ಭಯ. ಆ ಭಯ ನನಗೂ ಅರ್ಥವಾಗುತ್ತದೆ. ಲೆಕ್ಕ ಕೇಳುವವರು ಮೇಲೆ ಕೂತಿರುತ್ತಾರೆ. ಹಾಗಾಗಿ ದಾನಿಗಳೇ ಮೊದಲು ಹೇಳಿಬಿಡಬೇಕು: ಹರಿಯಲಿ, ಕಳೆಯಲಿ, ನಾವು ಲೆಕ್ಕ ಕೇಳುವುದಿಲ್ಲ ಅಂತ. ಇದನ್ನು ಬರೆದೇ ಕೊಟ್ಟರೆ ಇನ್ನೂ ಒಳ್ಳೆಯದು.

ಪುಸ್ತಕ ಕಳಿಸುವ ಮುಂಚೆ ಆ ಮಕ್ಕಳ ಟೀಚರಿಗೆ ಒಂದು ಫೋನ್ ಮಾಡಿ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಎಷ್ಟು ವಯಸ್ಸು, ಓದಿ ಹೇಳುವವರು ಇದ್ದಾರಾ ಅಂತ ಕೇಳಿ. ಹಂಚುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ನೆಲದ ಮೇಲೆ ಚಾಪೆ ಹಾಸಿ, ಮುಖಪುಟ ಕಾಣುವ ಹಾಗೆ ಪುಸ್ತಕ ಹರಡಿ. ಹನ್ನೆರಡು ವರ್ಷದ ಹುಡುಗ ಬರೀ ಚಿತ್ರದ ಪುಸ್ತಕ ಎತ್ತಿಕೊಂಡರೆ ತಡೆಯಬೇಡಿ. ಅಕ್ಷರ ಇನ್ನೂ ಕೂಡಿಸಲು ಬಾರದ ಹುಡುಗಿ ದಪ್ಪ ಪುಸ್ತಕವೇ ಬೇಕು ಅಂದರೆ ಕೊಟ್ಟುಬಿಡಿ. ಮೊದಲ ಹಾಳೆಯಲ್ಲಿ ದಾನಿಯ ಹೆಸರಿನ ಚೀಟಿ ಅಂಟಿಸಬೇಡಿ. ಆ ಜಾಗದಲ್ಲಿ ಮಗು ತನ್ನ ಹೆಸರು ಬರೆದುಕೊಳ್ಳಲಿ. ಜೊತೆಗೆ ಒಂದು ಪೆನ್ಸಿಲ್ ಇಟ್ಟಿರಿ.

ನಮಸ್ಕಾರ.